ಸಮುದ್ರಕ್ಕೆ ಬೆನ್ನು ಹಾಕಿದ ಮನೆ

ನಮ್ಮ ಬನ್ನಿಮಂಟಪದಲ್ಲಿ ಮನೆ ಕಟ್ಟಿಸಿ ಸೊರಗಿದವರಿದ್ದಾರೆ, ಮನೆ ಮಾರಿ ಕೊರಗಿದವರಿದ್ದಾರೆ. ಮನೆಗೆ ನಾಲ್ಕು ಚಕ್ರ ಹಾಕಿಸಿ ಓಡಿಸಿಕೊಂಡು ಹೋದವನು ಮಾತ್ರ ನನ್ನ ಎದುರುಮನೆಯ ಶಿವಮಲ್ಲಪ್ಪ ಒಬ್ಬನೇ. ಅವನು ಕಡಕೊಳದ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್. ಯಾರಾದರೂ ಹೊಸ ಬೋಲ್ಟು ಕೇಳಿದರೆ ಹಳೆಯ ಬೋಲ್ಟು ಸತ್ತಿರುವುದಕ್ಕೆ ಇಬ್ಬರು ಸಾಕ್ಷಿಗಳನ್ನು ಕರೆತರಬೇಕಿತ್ತು. ಮನೆಯಲ್ಲೂ ಅದೇ ಆಡಳಿತ. ಸೀನು ಬಂದರೆ ತಕ್ಷಣ ಸೀನುತ್ತಿರಲಿಲ್ಲ. ಇನ್ನೊಂದು ಬರುವುದಿದ್ದರೆ ಎರಡನ್ನೂ ಒಂದೇ ಖರ್ಚಿನಲ್ಲಿ ಮುಗಿಸೋಣವೆಂದು ಕಾಯುತ್ತಿದ್ದ.

ಇಂಥವನು ಜೀವಮಾನದಲ್ಲಿ ಒಂದೇ ಒಂದು ಸಲ ಯೋಚನೆ ಮಾಡದೆ ಮಾತು ಕೊಟ್ಟಿದ್ದ. ಮದುವೆಯಾದ ಎಂಟನೇ ದಿನ ಹೆಂಡತಿ ಮಹದೇವಮ್ಮನವರಿಗೆ, "ನಿನ್ನ ಸಮುದ್ರ ನೋಡಕ್ಕೆ ಕರ್ಕೊಂಡು ಹೋಗ್ತೀನಿ" ಅಂದುಬಿಟ್ಟಿದ್ದ. ಅದು ಎಪ್ಪತ್ತನಾಲ್ಕನೇ ಇಸವಿ. ಮುಂದಿನ ವರ್ಷ ಯಾರೋ ಕೊಟ್ಟ ಕ್ಯಾಲೆಂಡರಿನಲ್ಲಿ ಸಮುದ್ರದ ಚಿತ್ರವಿತ್ತು. ಆಕೆ ಅದನ್ನು ಕತ್ತರಿಸಿ ಒಲೆಯ ಮೇಲಿನ ಗೋಡೆಗೆ ಅಂಟಿಸಿದರು. ಇಪ್ಪತ್ತು ಮಳೆಗಾಲ ಕಳೆದರೂ ಹೋಗಲಾಗಲಿಲ್ಲ. ಒಗ್ಗರಣೆಯ ಹೊಗೆಗೆ ಸಮುದ್ರ ಮೊದಲು ತಿಳಿಸಾರಿನ ಬಣ್ಣಕ್ಕೆ, ಆಮೇಲೆ ಹುಳಿಯ ಬಣ್ಣಕ್ಕೆ ತಿರುಗಿತು.

ಹೋಗಲಾಗದ್ದಕ್ಕೆ ಕಾರಣ ಬರೀ ಜಿಪುಣತನವೆಂದರೆ ನನ್ನ ಗೆಳೆಯನಿಗೆ ಅನ್ಯಾಯವಾಗುತ್ತದೆ. ಮಹದೇವಮ್ಮನವರು ಬೆಳಿಗ್ಗೆ ಸ್ನಾನ ಮಾಡಿ, ಅಂಗೈ ಮೇಲೆ ಲಿಂಗವಿಟ್ಟು ಪೂಜೆ ಮುಗಿಸದೆ ಒಂದು ಗುಟುಕು ನೀರು ಕುಡಿಯುವವರಲ್ಲ. ಹೋಟೆಲಿನದು ತಿನ್ನುವವರಲ್ಲ. ಲಾಡ್ಜಿನ ಮಾತಂತೂ ಎತ್ತುವಂತೆಯೇ ಇರಲಿಲ್ಲ: "ಯಾರ್ಯಾರೋ ಮಲಗೆದ್ದ ಜಾಗದಲ್ಲಿ ಕೂತು ಲಿಂಗಪೂಜೆ ಮಾಡ್ಲಾ?" ಹಾಗಾಗಿ ಅವರ ಪ್ರವಾಸವೆಲ್ಲ ಬೆಳಿಗ್ಗೆ ಪೂಜೆಯಾದ ಮೇಲೆ ಹೊರಟು ಸಂಜೆ ದೀಪ ಹಚ್ಚುವ ಹೊತ್ತಿಗೆ ಹಿಂದಿರುಗುವಷ್ಟು ದೂರಕ್ಕೆ ಮಾತ್ರ. ನಂಜನಗೂಡನ್ನು ಆಕೆ ಎಷ್ಟು ಸಲ ನೋಡಿದ್ದರೆಂದರೆ, ಆ ಊರೇ ಬೇಸತ್ತು ಪಕ್ಕಕ್ಕೆ ಸರಿದುಕೊಳ್ಳುತ್ತಿತ್ತು.

ತೊಂಬತ್ತೇಳನೇ ಇಸವಿಯ ಒಂದು ಭಾನುವಾರ ಶಿವಮಲ್ಲಪ್ಪ ನಮ್ಮನೆಗೆ ಬಂದು, ಕಾಫಿ ಕೊಟ್ಟರೂ ಕುಡಿಯದೆ ಕೂತ. ಬಿಟ್ಟಿ ಕಾಫಿ ಕುಡಿಯದ ಶಿವಮಲ್ಲಪ್ಪನನ್ನು ಕಂಡು ನನಗೆ ಗಾಬರಿಯಾಯಿತು.

"ಏನಾಯ್ತೋ?"

"ಸಮುದ್ರ ಕಿತ್ತಾಕ್ಬುಟ್ಳು ಕಣೋ ಅಶ್ವತ್ಥ."

ಮಹದೇವಮ್ಮನವರು ಆ ಚಿತ್ರವನ್ನು ಗೋಡೆಯಿಂದ ಬಿಡಿಸಿ ಖಾರದ ಪುಡಿ ಡಬ್ಬಿಯ ಕೆಳಗೆ ಹಾಸಿದ್ದರಂತೆ. ಕೇಳಿದ್ದಕ್ಕೆ, "ಇನ್ನು ಬುಡಿ, ನೋಡ್ದಂಗೇ ಆಯ್ತು" ಅಂದರಂತೆ. ಬೈದಿದ್ದರೆ ಅವನು ಆರಾಮವಾಗಿರುತ್ತಿದ್ದ, ಬೈಗುಳಕ್ಕೆ ಖರ್ಚಿಲ್ಲ. ಆಕೆ ಬೈಯದೆ ಬಿಟ್ಟಿದ್ದೇ ಅವನನ್ನು ಸುಟ್ಟಿತ್ತು.

"ಲಾಡ್ಜಿಗೆ ಬರಲ್ಲ ಅಂದ್ರೆ, ಮನೇನೇ ತಗೊಂಡು ಹೋಗ್ತೀನಿ" ಎಂದ. ಜ್ವರವಿರಬಹುದೆಂದು ಹಣೆ ಮುಟ್ಟಿ ನೋಡಿದೆ. ಇರಲಿಲ್ಲ.

ಅವನು ಹೇಳಿದ ಮನೆ ಕೆಸರೆಯಲ್ಲಿತ್ತು. ಅಲ್ಲಿ ಜವರಪ್ಪ ಎಂಬಾತ ಹಳೆಯ ಗಾಡಿಗಳನ್ನು ಮಾರುತ್ತಿದ್ದ. ಓಡುವುದನ್ನು ಗಾಡಿಯೆಂದೂ ಓಡದ್ದನ್ನು ಗಟ್ಟಿ ಗಾಡಿಯೆಂದೂ ಕರೆಯುವುದು ಅವನ ವ್ಯಾಪಾರದ ಕ್ರಮ. ಅಂಗಳದ ಮಧ್ಯೆ ಒಂದು ಹಳದಿ ವ್ಯಾನು ನಿಂತಿತ್ತು. ಎರಡು ಪಕ್ಕಕ್ಕೂ ಕಿಟಕಿಯಿಲ್ಲದ ತಗಡು, ಎಡಗಡೆ ಒಂದು ಬಾಗಿಲು, ಮುಂದೆ ಗಾಜು. ಒಳಗೆ ಮಡಚುವ ಹಲಗೆ ಮಂಚ ಮತ್ತು ತೆಂಗಿನ ಚಿಪ್ಪಿನಷ್ಟು ದೊಡ್ಡ ತೊಟ್ಟಿ.

"ಇದು ಗಾಡಿ ಅಲ್ಲ ಸ್ವಾಮಿ, ಮನೆ" ಎಂದ ಜವರಪ್ಪ. "ಜರ್ಮನಿಯೋರು ಗಂಡ ಹೆಂಡ್ತಿ ಇದ್ರಲ್ಲೇ ಸಂಸಾರ ಮಾಡವ್ರೆ. ಅಲ್ಲಿಂದ ಇಲ್ಲೀಗಂಟ ರೋಡಲ್ಲೇ ಬಂದವ್ರೆ. ದಾರೀಲಿ ಒಂದು ಮಗೂನೂ ಆಯ್ತಂತೆ."

"ಮಗು ಎಲ್ಲಿ?" ಎಂದು ನಾನು ಕೇಳಿದೆ.

"ಅದು ಗಾಡಿ ಜೊತೆ ಬರಕಿಲ್ಲ ಸ್ವಾಮಿ."

ಶಿವಮಲ್ಲಪ್ಪ ಮಂಚವನ್ನು ತಟ್ಟಿ ನೋಡಿದ. ಅದರ ಕೆಳಗಿನಿಂದ ಒಂದು ಬನ್ನು ಉರುಳಿ ಬಂತು. ಕಲ್ಲಿನಂತಾಗಿತ್ತು. ನಾವಿಬ್ಬರೂ ಜವರಪ್ಪನ ಮುಖ ನೋಡಿದೆವು.

"ಜರ್ಮನಿಯೋರು ಬನ್ನು ತಿಂತಿದ್ರು."

"ಗೋಡೆ ತುಂಬ ಟ್ರೇ ಇಡೋ ಪಟ್ಟಿ ಹೊಡೆಸ್ಕೊಂಡು ತಿಂತಿದ್ರಾ?" ಎಂದ ಶಿವಮಲ್ಲಪ್ಪ.

ಆಗ ಜವರಪ್ಪ, ಜರ್ಮನಿಯವರು ಹೋದ ಮೇಲೆ "ಒಂಚೂರು ದಿವಸ", ಅಂದರೆ ಏಳು ವರ್ಷ, ಗಾಡಿ ಬೇಕರಿಯೊಂದರಲ್ಲಿ ದುಡಿದಿತ್ತೆಂದು ಒಪ್ಪಿಕೊಂಡ. "ಬರೀ ಬನ್ನು ಕಣ್ ಸ್ವಾಮಿ. ಕೇಕು ಮುಟ್ಟಿಲ್ಲ, ಮೊಟ್ಟೆ ಕಂಡಿಲ್ಲ. ನಿಮ್ಮಷ್ಟೇ ಮಡಿ ಗಾಡಿ."

ಮೂವತ್ತೆಂಟು ಸಾವಿರ ಕೇಳಿದ್ದನ್ನು ಶಿವಮಲ್ಲಪ್ಪ ಎರಡು ಗಂಟೆ ಕಾಲ ಕೂತು, ನಿಂತು, ಎರಡು ಸಲ ಎದ್ದು ಹೋಗಿ ಬಂದು ಮೂವತ್ತೊಂದಕ್ಕೆ ಇಳಿಸಿದ. ಇಳಿದ ಏಳು ಸಾವಿರದಲ್ಲಿ ಹಿಂದಕ್ಕೆ ಹೋಗುವ ಗೇರೂ ಇಳಿದುಹೋಗಿದೆಯೆಂದು ನಮಗೆ ತಿಳಿಯಲಿಲ್ಲ. ವ್ಯಾನಿನ ಮುಖವನ್ನು ಮೊದಲೇ ರಸ್ತೆಯ ಕಡೆಗೆ ಮಾಡಿ ನಿಲ್ಲಿಸಿದ್ದರು. ಅದನ್ನು ನಾವು ಮರ್ಯಾದೆಯೆಂದುಕೊಂಡೆವು. ಮಾರನೆಯ ದಿನ ಜಗಳಕ್ಕೆ ಹೋದಾಗ ಜವರಪ್ಪ ನೊಂದುಕೊಂಡು ಹೇಳಿದ: "ಇಂದಕ್ಕೂ ಓಗೋ ಗಾಡಿ ಬೇಕು ಅಂತ ನೀವು ಮೊದ್ಲೇ ಏಳ್ಬೇಕಾಗಿತ್ತು ಸ್ವಾಮಿ. ಎಲ್ರೂ ಮುಂದಕ್ಕೇ ತಾನೇ ಓಗೋದು?"

ಶಿವಮಲ್ಲಪ್ಪ ಲೆಕ್ಕ ಹಾಕಿ ನೋಡಿ, ಮುಂದಕ್ಕೆ ಹೋಗಲು ನಾಲ್ಕು ಗೇರು ಇರುವಾಗ ಹಿಂದಕ್ಕೆ ಹೋಗುವುದೇ ದುಂದು ಎಂದು ತೀರ್ಮಾನಿಸಿದ. ಆ ಗೇರಿನ ಕೆಲಸಕ್ಕೆ ನನ್ನನ್ನು ಇಟ್ಟುಕೊಂಡ. ಬೇಕಾದಾಗ ತಳ್ಳುವುದು.

ಮಹದೇವಮ್ಮನವರು ವ್ಯಾನಿನ ಸುತ್ತ ಮೂರು ಸುತ್ತು ಹಾಕಿದರು. "ಕೇಕು ಇರ್ಲಿಲ್ಲ ತಾನೇ?" ಎಂದು ಹನ್ನೊಂದು ಸಲ ಕೇಳಿದರು. ಸಮುದ್ರದ ವಿಷಯ ಎತ್ತಲೇ ಇಲ್ಲ. ಸೀರೆ ಸೆರಗು ಸಿಕ್ಕಿಸಿಕೊಂಡು ಸೀಗೆಪುಡಿ, ಗಂಜಲ, ಬಿಸಿನೀರು ಹಿಡಿದು ಒಳಗೆ ಹೋದವರು ಮೂರು ದಿನ ಹೊರಗೆ ಬರಲಿಲ್ಲ. ಏಳು ವರ್ಷದಿಂದ ಅಲ್ಲೇ ಇದ್ದ ಇರುವೆಗಳು ಹಳೆಯ ಬಾಡಿಗೆದಾರರ ಹಾಗೆ ತಕರಾರು ತೆಗೆದವು. ಆಕೆ ಅರಿಸಿನ ಚೆಲ್ಲಿ ಒಕ್ಕಲೆಬ್ಬಿಸಿದರು. ಉಜ್ಜಿದ ರಭಸಕ್ಕೆ ತಗಡು ಎಷ್ಟು ತೆಳುವಾಯಿತೆಂದರೆ, ಹೊರಗೆ ನಿಂತವರಿಗೆ ಒಳಗಿನ ದೀಪ ಕಾಣುತ್ತಿತ್ತು. ಇಷ್ಟು ಉಜ್ಜುತ್ತಾರೆಂದರೆ ಆಸೆ ಪೂರ್ತಿ ಸತ್ತಿಲ್ಲವೆಂದು ಶಿವಮಲ್ಲಪ್ಪನ ಮುಖ ಅರಳಿತು.

ಅಷ್ಟರಲ್ಲಿ ಗುರುಸಿದ್ದಯ್ಯನವರು ಬಂದರು.

ಇವರು ಸರ್ವೆ ಕೆಲಸದಿಂದ ನಿವೃತ್ತರಾಗಿ, ಅಳೆಯಲು ಏನೂ ಸಿಗದೆ ವಾಸ್ತು ಹಿಡಿದವರು. ಆ ಕಾಲದಲ್ಲಿ ವಾಸ್ತು ಮೈಸೂರಿಗೆ ಮದ್ರಾಸ್ ಕಣ್ಣುಬೇನೆಯ ಹಾಗೆ ಹರಡಿತ್ತು. ಗುರುಸಿದ್ದಯ್ಯನವರ ಮಾತು ಕೇಳಿ ನಮ್ಮ ಬಡಾವಣೆಯಲ್ಲಿ ಎಷ್ಟು ಬಾಗಿಲುಗಳು ಜಾಗ ಬದಲಿಸಿದವೆಂದರೆ, ಪೋಸ್ಟ್‌ಮ್ಯಾನ್ ಕಾಗದವನ್ನು ಅಡಿಗೆಮನೆಯಲ್ಲೋ ಬಚ್ಚಲಲ್ಲೋ ಹಾಕಿ ಹೋಗುವಂತಾಗಿತ್ತು. ಅವರು ದಿಕ್ಸೂಚಿ ಹಿಡಿದು ವ್ಯಾನಿನ ಸುತ್ತ ನಡೆದು, ಗಂಟಲು ಸರಿಮಾಡಿಕೊಂಡರು.

"ಅಡಿಗೆ ಮಾಡಿ, ಪೂಜೆ ಮಾಡಿ, ಮಲಗೋದಾದ್ರೆ ಇದು ವಾಹನ ಅಲ್ಲ ಕಣಮ್ಮ, ಗೃಹ. ಗೃಹ ಅಂದ್ಮೇಲೆ ಬಾಗಿಲು ಪೂರ್ವಕ್ಕೇ ಇರ್ಬೇಕು."

"ಓಡೋ ಮನೆಗೆ ಪೂರ್ವ ಯಾವ್ದು ಸ್ವಾಮಿ?" ಎಂದೆ.

"ಓಡುವಾಗ ವಾಹನ. ನಿಂತಾಗ ಗೃಹ. ಬಾಗಿಲು ಎಡಗಡೆಗಿದೆ, ಅಂದ್ರೆ ನಿಲ್ಸುವಾಗ ಗಾಡಿ ಮೂತಿ ದಕ್ಷಿಣಕ್ಕಿರ್ಬೇಕು. ಆಗ ಒಲೆ ಆಗ್ನೇಯಕ್ಕೆ ಬರ್ತದೆ, ನೀರು ಈಶಾನ್ಯಕ್ಕೆ ಬರ್ತದೆ, ಎಲ್ಲ ಕೂಡಿ ಬರ್ತದೆ. ಅಪ್ಪಿ ತಪ್ಪಿ ಬಾಗಿಲು ಪಶ್ಚಿಮಕ್ಕೆ ತೆಗೆದ್ರೋ, ಆಯಸ್ಸು, ಐಶ್ವರ್ಯ, ಪೆನ್ಷನ್ನು ಮೂರೂ ಅದ್ರಲ್ಲೇ ಹೊರಟೋಗ್ತವೆ."

ಆಯಸ್ಸಿಗೆ ಅಷ್ಟೇನೂ ಹೆದರದ ಶಿವಮಲ್ಲಪ್ಪ ಪೆನ್ಷನ್ನಿಗೆ ಬೆವೆತ. ಮಹದೇವಮ್ಮನವರು ಕೈ ಮುಗಿದು ಒಪ್ಪಿಕೊಂಡರು. ಎಂಟು ನೂರು ವರ್ಷದ ಹಿಂದೆಯೇ ದಿಕ್ಕು ದೆಸೆ ಗ್ರಹಗತಿಗಳನ್ನೆಲ್ಲ ಶರಣರು ಗುಡಿಸಿ ಹಾಕಿದ ಮನೆತನದವರಿಗೆ ಇದೆಲ್ಲ ಯಾಕೆಂದು ನಾನು ಕೇಳಿದೆ. "ಅಶ್ವತ್ಥಣ್ಣ, ನಿಮ್ಗೆ ಬಾಯಿ ಜಾಸ್ತಿಯಾಯ್ತು" ಎಂದು ಆಕೆ ನನಗೆ ಕೋಡುಬಳೆ ಕೊಟ್ಟು ಕೂರಿಸಿದರು.

ಗೃಹವೆಂದ ಮೇಲೆ ಗೃಹಪ್ರವೇಶ ಬಿಟ್ಟೀತೆ? ಮಠದಿಂದ ಅಯ್ಯನವರು ಬಂದರು. ವ್ಯಾನಿನೊಳಗೆ ಹಾಲುಕ್ಕಿಸಿದರು. ನೂರಾ ಅರವತ್ತು ಜನ ಎಡಗಡೆ ಬಾಗಿಲಿನಿಂದ ಹತ್ತಿ, "ಮನೆ ಚೆನ್ನಾಗಿದೆ" ಎಂದು ಹೇಳಿ, ಡ್ರೈವರ್ ಬಾಗಿಲಿನಿಂದ ಇಳಿದರು. ಗೋಡೆ ಗಡಿಯಾರ ಏಳು ಬಂದವು. ತೂಗುಹಾಕಲು ಗೋಡೆಯಿಲ್ಲದೆ ಅವು ಸರದಿಯ ಮೇಲೆ ನಮ್ಮ ಮನೆಯಲ್ಲಿ ಗಂಟೆ ಹೊಡೆದವು.

ತೊಂದರೆಯಾದದ್ದು ನಮ್ಮ ರಸ್ತೆಯಿಂದ. ಅದು ಪೂರ್ವ ಪಶ್ಚಿಮವಾಗಿ ಓಡುತ್ತದೆ. ವ್ಯಾನು ದಕ್ಷಿಣಕ್ಕೆ ನಿಲ್ಲಬೇಕಾದರೆ ಮೂತಿಯನ್ನು ಶಿವಮಲ್ಲಪ್ಪನ ಗೇಟಿನೊಳಗಿಟ್ಟು, ಬೆನ್ನನ್ನು ನನ್ನ ಗೇಟಿಗೆ ಆನಿಸಿ ಅಡ್ಡಡ್ಡ ನಿಲ್ಲಬೇಕು. ಹಾಗೇ ನಿಂತಿತು. ನಾನು ಐದು ತಿಂಗಳು ಕಾಂಪೌಂಡು ಹಾರಿ ಓಡಾಡಿದೆ. ಹಾಲಿನವನು ವ್ಯಾನಿನ ಕೆಳಗೆ ತೆವಳಿಕೊಂಡು ಹೋಗುತ್ತಿದ್ದ. ಹೊರಗೆ ತೆಗೆಯಬೇಕಾದರೆ ಇಡೀ ಬೀದಿಯ ಗಂಡಸರು ತಳ್ಳಬೇಕಿತ್ತು. ಅದರಿಂದ ಇಬ್ಬರ ಸಕ್ಕರೆ ಕಾಯಿಲೆ ಹತೋಟಿಗೆ ಬಂತು.

ತೊಂಬತ್ತೆಂಟರ ಫೆಬ್ರುವರಿಯಲ್ಲಿ, ಒಂದು ಶುಕ್ರವಾರ ಬೆಳಿಗ್ಗೆ ಪೂಜೆಯಾದ ಮೇಲೆ ಹೊರಟೆವು. ಶಿವಮಲ್ಲಪ್ಪ ಹೊಸದಾಗಿ ಲೈಸೆನ್ಸ್ ಮಾಡಿಸಿ ಸ್ಟಿಯರಿಂಗು ಹಿಡಿದಿದ್ದ. ಪಕ್ಕದಲ್ಲಿ ರಿವರ್ಸ್ ಗೇರಾಗಿ ನಾನು. ಹಿಂದೆ ಮಹದೇವಮ್ಮನವರು ಮತ್ತು ಹೈಸ್ಕೂಲಿನಲ್ಲಿದ್ದ ಮಗಳು ಶಿಲ್ಪಶ್ರೀ. ಹುಣಸೂರಿನ ಹತ್ತಿರ ಎತ್ತಿನ ಗಾಡಿಯವನೊಬ್ಬ ಹಾರನ್ ಇಲ್ಲದ್ದರಿಂದ ಬಾಯಲ್ಲೇ ಕೂಗಿ ದಾರಿ ಕೇಳಿ ನಮ್ಮನ್ನು ದಾಟಿ ಹೋದ. ಮಡಿಕೇರಿಯ ಏರಿನಲ್ಲಿ ಒಂದು ಹುಂಜ ಸ್ವಲ್ಪ ದೂರ ನಮಗೆ ಜೊತೆಯಾಗಿ ನಡೆದು, ಬೇಸರವಾಗಿ ಮುಂದೆ ಹೊರಟುಹೋಯಿತು.

"ಅಪ್ಪ, ನಾನು ಇಳಿದು ನಡ್ಕೊಂಡು ಹೋಗಿ ಮುಂದಿನ ಊರಲ್ಲಿ ಕಾಯ್ಲಾ?" ಎಂದಳು ಶಿಲ್ಪಶ್ರೀ.

"ಸುಮ್ನಿರೇ. ನಿಧಾನಕ್ಕೆ ಹೋದ್ರೆ ಡೀಸೆಲ್ಲು ಉಳೀತದೆ."

ಸಂಪಾಜೆ ಇಳಿದ ಮೇಲೆ ಶಾಲೆಯೊಂದರ ಮೈದಾನದಲ್ಲಿ ತಂಗುವುದೆಂದಾಯಿತು. ದಕ್ಷಿಣ ಹಿಡಿಯಲು ಶಿವಮಲ್ಲಪ್ಪ ಮೈದಾನಕ್ಕೆ ಆರು ಸುತ್ತು ಹಾಕಿದ. ಹಿಂದಕ್ಕೆ ಬರುವ ಸೌಕರ್ಯವಿಲ್ಲದ್ದರಿಂದ ಪ್ರತಿ ಸಲವೂ ದಕ್ಷಿಣ ಸ್ವಲ್ಪದರಲ್ಲೇ ತಪ್ಪಿಹೋಗುತ್ತಿತ್ತು. ಅದು ಚುನಾವಣೆಯ ಕಾಲ. ಊರವರು ಸೇರಿ, "ನಿಮ್ದು ಯಾವ ಪಾರ್ಟಿ?" ಎಂದು ಕೇಳಿದರು.

"ದಕ್ಷಿಣ" ಎಂದ ಶಿವಮಲ್ಲಪ್ಪ, ಏಳನೇ ಸುತ್ತಿಗೆ ತಿರುಗುತ್ತ.

ಮಾರನೆಯ ಬೆಳಿಗ್ಗೆ ಮಹದೇವಮ್ಮನವರು ಒಂದು ವಿಚಿತ್ರ ಹಟ ಹಿಡಿದರು. ಪೂಜೆಯನ್ನು ಸಮುದ್ರದ ಹತ್ತಿರವೇ ಮಾಡುವುದು. ಅಲ್ಲಿಯವರೆಗೆ ನೀರೂ ಬೇಡ. ಶಿವಮಲ್ಲಪ್ಪನಿಗೆ ಎಷ್ಟು ಸಂತೋಷವಾಯಿತೆಂದರೆ, ಆವತ್ತೊಂದು ದಿನ ಡೀಸೆಲ್ಲಿನ ಲೆಕ್ಕ ಬಿಟ್ಟು ಎರಡು ಎತ್ತಿನ ಗಾಡಿಗಳನ್ನು ಹಿಂದಕ್ಕೆ ಹಾಕಿದ. ಮಂಗಳೂರು ದಾಟಿ, ಯಾರನ್ನೋ ಕೇಳಿ, ಕಡಲಿಗೆ ಹೋಗುವ ಒಂದು ಓಣಿ ಹಿಡಿದಾಗ ಹತ್ತು ಗಂಟೆ. ಮರಳ ಮೇಲೆ ಉತ್ತರ ದಕ್ಷಿಣವಾಗಿ ಒಂದು ಕಿರಿದಾದ ದಾರಿಯಿತ್ತು. ದಕ್ಷಿಣ ತಾನಾಗಿಯೇ ಸಿಕ್ಕಿದ್ದನ್ನು ಕಂಡು ಅವನು ಶಿವನಾಮ ಹೇಳಿ ಗಾಡಿ ನಿಲ್ಲಿಸಿದ. ನನಗೂ ಅವನಿಗೂ ಡ್ರೈವರ್ ಕಡೆಯ ಕಿಟಕಿಯಿಂದ ಸಮುದ್ರ ಕಂಡಿತು. ಆದರೆ "ಮೊದ್ಲು ಅವಳು ನೋಡ್ಲಿ" ಎಂದು ಅವನು ನನ್ನ ಕಣ್ಣಿಗೆ ಕೈ ಅಡ್ಡ ಹಿಡಿದ.

ಒಳಗೆ ಪರದೆಯ ಹಿಂದೆ ಸ್ನಾನವಾಯಿತು. ಲಿಂಗಪೂಜೆಯಾಯಿತು. ವಿಭೂತಿ ಹಚ್ಚಿಕೊಂಡು, ಹೊಸ ಇಳಕಲ್ ಸೀರೆಯುಟ್ಟು ಮಹದೇವಮ್ಮನವರು ಬಾಗಿಲು ತೆಗೆದರು.

ಎರಡು ಮಾರು ದೂರದಲ್ಲಿ ಒಂದು ಗೋಡೆ ನಿಂತಿತ್ತು. ಐಸ್ ಫ್ಯಾಕ್ಟರಿಯ ಗೋಡೆ. ಅದರ ಮೇಲೆ, 'ಜಾಹೀರಾತು ಅಂಟಿಸಬಾರದು' ಎಂದು ದೊಡ್ಡದಾಗಿ ಬರೆದಿತ್ತು.

ಸಮುದ್ರ ಪಶ್ಚಿಮಕ್ಕಿತ್ತು. ಗುರುಸಿದ್ದಯ್ಯನವರ ಬಾಗಿಲು ಪೂರ್ವಕ್ಕಿತ್ತು. ಪಶ್ಚಿಮದ ಕಡೆಗಿದ್ದದ್ದು ಕಿಟಕಿಯಿಲ್ಲದ ಬನ್ನಿನ ತಗಡು. ಅಷ್ಟು ದೂರ ಹೊತ್ತು ತಂದ ಮನೆ ಸಮುದ್ರಕ್ಕೆ ಬೆನ್ನು ಹಾಕಿ ಕೂತಿತ್ತು.

"ಇದೇನಾ?" ಎಂದರು ಮಹದೇವಮ್ಮನವರು.

"ಅಲ್ಲ, ಅದು ಹಿಂದ್ಗಡೆ ಇದೆ" ಎಂದ ಶಿವಮಲ್ಲಪ್ಪ ತೊದಲುತ್ತ. "ಇಳಿದು ಒಂದು ಸುತ್ತು ಬಾ. ನಾಲ್ಕು ಹೆಜ್ಜೆ."

ಆಕೆ ಒಂದು ಕಾಲು ಕೆಳಗಿಟ್ಟು ಹಾಗೇ ಮೇಲಕ್ಕೆತ್ತಿಕೊಂಡರು. ಕೆಳಗೆ ಮರಳು ಕಾಣುತ್ತಿರಲಿಲ್ಲ. ದಾರಿಯ ಎರಡೂ ಬದಿಗೆ, ವ್ಯಾನಿನ ಹಿಂದೆ, ಮುಂದೆ, ಕಣ್ಣು ಹರಿದಷ್ಟು ದೂರವೂ ಮೀನು ಒಣಹಾಕಿದ್ದರು. ನಮ್ಮ ಕಡೆ ಹಪ್ಪಳ ಹಾಕಿದ ಹಾಗೆ. ಭೂಮಿಯ ಮೇಲಿನ ಮೀನೆಲ್ಲ ಆವತ್ತು ಮಹದೇವಮ್ಮನವರನ್ನು ಎದುರುಗೊಳ್ಳಲು ಅಲ್ಲಿಗೇ ಬಂದು ಮಲಗಿತ್ತು.

"ಇದನ್ನ ತುಳ್ಕೊಂಡು ಹೋಗಿ ಬಂದು ನಾನು ಲಿಂಗ ಮುಟ್ಲಾ?"

"ಎತ್ಕೊಂಡು ಹೋಗ್ತೀನಿ."

"ಅಕ್ಕಿ ಮೂಟೆ ಎತ್ತಕ್ಕೇ ಅಶ್ವತ್ಥಣ್ಣನ್ನ ಕರೀತೀರಿ."

ಆಕೆ ಬಾಗಿಲಲ್ಲೇ ಕೂತರು. ತಗಡಿನ ಆಚೆಯಿಂದ ಅಲೆಗಳ ಸದ್ದು ಬರುತ್ತಿತ್ತು. ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಸದ್ದು ಚೆನ್ನಾಗಿದೆ ಕಣ್ರೀ. ಆದ್ರೆ ರೇಡಿಯೋದಲ್ಲೂ ಹಿಂಗೇ ಬರ್ತಿತ್ತು" ಎಂದರು. ಶಿವಮಲ್ಲಪ್ಪ ಜೇಬಿನಿಂದ ಏನೋ ತೆಗೆದ. ಖಾರದ ಪುಡಿಯ ಡಬ್ಬಿಯ ಕೆಳಗಿದ್ದ ಆ ಕ್ಯಾಲೆಂಡರಿನ ಹಾಳೆ. ಯಾವಾಗ ಕದ್ದು ತಂದಿದ್ದನೋ. ಹುಳಿಯ ಬಣ್ಣದ ಸಮುದ್ರದ ಮೇಲೆ ಡಬ್ಬಿಯ ತಳದ ಉಂಗುರ ಮೂಡಿತ್ತು. ನಿಜವಾದದ್ದರ ಪಕ್ಕದಲ್ಲಿ ಹಿಡಿದು ತೋರಿಸೋಣವೆಂದು ತಂದಿದ್ದನಂತೆ. ನಾನು ಆಗ ಏನೂ ತಮಾಷೆ ಮಾಡಲಿಲ್ಲ. ನನ್ನ ಜೀವನದಲ್ಲಿ ಅಂಥ ಸಂದರ್ಭಗಳು ಎರಡೇ.

ನಾಲ್ಕಾರು ಮೀನುಗಾರರು ಬಂದು ಸುತ್ತ ನಿಂತರು. ಅವರಲ್ಲಿ ವಯಸ್ಸಾದವರೊಬ್ಬರು ವ್ಯಾನನ್ನೂ, ಬಾಗಿಲನ್ನೂ, ಗೋಡೆಯನ್ನೂ ನೋಡಿ ಕೇಳಿದರು: "ಎಂಥದು ಮಾರಾಯ್ರೆ? ಮೈಸೂರಿನಿಂದ ಬಂದದ್ದು ನಮ್ಮ ಐಸ್ ಫ್ಯಾಕ್ಟರಿಯ ಗೋಡೆ ನೋಡ್ಲಿಕ್ಕಾ?"

ಮಹದೇವಮ್ಮನವರು ಎದ್ದು ನಿಂತರು. ಗಂಡನ ಕೈಯಲ್ಲಿದ್ದ ಹಾಳೆಯನ್ನು ಇನ್ನೊಂದು ಸಲ ನೋಡಿದರು.

"ಗಾಡಿ ತಿರುಗ್ಸಿ."

"ಬಾಗಿಲು ಪಶ್ಚಿಮಕ್ಕೆ ಬರ್ತದಲ್ಲೇ. ಗುರುಸಿದ್ದಯ್ನೋರು..."

"ಗುರುಸಿದ್ದಯ್ನೋರು ಬಂದಾಗ ಅವ್ರಿಗೆ ಗೋಡೆ ತೋರ್ಸಿ. ಇಪ್ಪತ್ನಾಕು ವರ್ಷ ಕಾದಿರೋಳು ನಾನು. ತಿರುಗ್ಸಿ ಅಂದೆ."

ಹೇಳಿದಷ್ಟು ಸುಲಭವಾಗಿರಲಿಲ್ಲ. ಒಂದು ಕಡೆ ಗೋಡೆ, ಒಂದು ಕಡೆ ಮೀನು, ನಡುವೆ ಹಿಂದಕ್ಕೆ ಬರಲು ಗೊತ್ತಿಲ್ಲದ ಗಾಡಿ. ನಾನೊಬ್ಬ ರಿವರ್ಸ್ ಗೇರು ಎಷ್ಟಂತ ತಳ್ಳಲಿ? ಹಿರಿಯರು ಸೀಟಿ ಹೊಡೆದರು. ಹನ್ನೆರಡು ಜನ ಬಂದು ಬೆನ್ನು ಕೊಟ್ಟರು. ದೋಣಿಯನ್ನು ದಡಕ್ಕೆಳೆದು ತಿರುಗಿಸುವ ಹಾಗೆ "ಐಸಾ" ಎಂದು ಒಂದೊಂದು ಗೇಣು ಎತ್ತಿ ಎತ್ತಿ ಸರಿಸಿದರು. ಗ್ಯಾಸ್ ಸಿಲಿಂಡರಿನವನು ಮುಟ್ಟಿದ ಬಾಗಿಲನ್ನು ಎರಡು ಸಲ ತೊಳೆಯುತ್ತಿದ್ದ ಮಹದೇವಮ್ಮನವರು, ಮೀನಿನ ಕೈಗಳು ತಮ್ಮ ಮನೆಯ ತಗಡಿನ ಮೇಲೆ ಊರಿದ್ದನ್ನು ಒಳಗಿನಿಂದಲೇ ನೋಡುತ್ತ, "ಇನ್ನೊಂಚೂರು, ಇನ್ನೊಂಚೂರು ಬರ್ಲಿ" ಎನ್ನುತ್ತಿದ್ದರು. ಶಿವಮಲ್ಲಪ್ಪ ಸ್ಟಿಯರಿಂಗು ತಿರುಗಿಸುತ್ತಿದ್ದ. ಅದರಿಂದ ಏನೂ ಆಗುತ್ತಿರಲಿಲ್ಲವಾದರೂ ಅವನಿಗೆ ಸಮಾಧಾನ. ಮುಕ್ಕಾಲು ಗಂಟೆಯಾದ ಮೇಲೆ ವ್ಯಾನಿನ ಮೂತಿ ಉತ್ತರಕ್ಕೆ ತಿರುಗಿತು.

ಬಾಗಿಲಿನ ತುಂಬ ಸಮುದ್ರ ಬಂದು ನಿಂತಿತು.

ಮಹದೇವಮ್ಮನವರು ಒಂದು ಕೈಯಲ್ಲಿ ಬಾಗಿಲಿನ ಕಂಬಿ ಹಿಡಿದು ನಿಂತೇ ಇದ್ದರು. "ಇಷ್ಟೊಂದಾ?" ಎಂದರು. ಅಷ್ಟೇ.

ಮೀನು ಮಗುಚುತ್ತಿದ್ದ ಒಬ್ಬ ಹೆಂಗಸು ಇದನ್ನೆಲ್ಲ ನೋಡುತ್ತಿದ್ದಳು. ಯಾರೂ ಕೇಳಿರಲಿಲ್ಲ. ಅವಳೇ ಕಡ್ಡಿ ಪೊರಕೆ ತಂದು, ಬಾಗಿಲಿನಿಂದ ನೀರಿನವರೆಗೆ ಮೀನನ್ನು ಎರಡು ಬದಿಗೆ ಗುಡಿಸುತ್ತ ಹೋದಳು. ಸೀರೆಯ ಅಗಲದಷ್ಟು ಒಂದು ಬಿಳಿ ದಾರಿಯಾಯಿತು. "ಬನ್ನಿ ಅಕ್ಕಾ" ಎಂದಳು. ಮಹದೇವಮ್ಮನವರು ಇಳಿದರು. ಇಳಕಲ್ ಸೀರೆಯನ್ನು ಮೊಣಕಾಲಿಗೆ ಎತ್ತಿಕೊಂಡು ನಡೆದು ಹೋಗಿ, ಅಲೆ ಬಂದಾಗ ಚೀರಿ, ಗಂಡನ ಹೆಸರನ್ನು ಮದುವೆಯಾದ ಮೇಲೆ ಮೊದಲ ಸಲ, ಮಂಗಳೂರಿಗೆಲ್ಲ ಕೇಳುವಂತೆ ಕೂಗಿದರು.

ಹಿಂದಿರುಗಿ ಬಂದಾಗ ಅಮ್ಮನ ಸ್ವಭಾವ ಗೊತ್ತಿದ್ದ ಶಿಲ್ಪಶ್ರೀ ತಂಬಿಗೆ ಹಿಡಿದು ಕಾದಿದ್ದಳು. "ಅಮ್ಮ, ಕಾಲು ತೊಳ್ಕೊಂಡು ಹತ್ತು. ಮೀನು."

"ಸಮುದ್ರದಲ್ಲೇ ತೊಳ್ಕೊಂಡು ಬಂದಿದೀನಿ. ಅದ್ಕಿಂತ ದೊಡ್ಡ ತಂಬಿಗೆ ಎಲ್ಲಿಂದ ತರ್ತೀಯೇ?" ಎಂದು ಆಕೆ ಹಾಗೇ ಹತ್ತಿದರು. ಹತ್ತಿದವರು ಒಲೆ ಹಚ್ಚಿ ಹದಿನಾಲ್ಕು ಜನಕ್ಕೆ ಉಪ್ಪಿಟ್ಟು ಮಾಡಿದರು. ಎರಡು ಕಿಲೋ ರವೆ ಖಾಲಿಯಾದದ್ದನ್ನು ಶಿವಮಲ್ಲಪ್ಪ ಕಣ್ಣಾರೆ ನೋಡಿಯೂ ಸುಮ್ಮನಿದ್ದ. ಅಂಥ ದಿನ ಅದು.

ನಾವು ಮೈಸೂರಿಗೆ ಬಂದು ಮುಟ್ಟಿದ್ದು ಮೂರು ದಿನದ ಮೇಲೆ. ನಮ್ಮ ರಸ್ತೆಗೆ ತಿರುಗುವಾಗ ಮಹದೇವಮ್ಮನವರು ಹಿಂದಿನಿಂದ ಏನೋ ಹೇಳಿದರು. ಶಿವಮಲ್ಲಪ್ಪ ತನ್ನ ಗೇಟು ಬಿಟ್ಟು ಎದುರುಗಡೆಗೆ ತಿರುಗಿಸಿದ. ವ್ಯಾನಿನ ಮೂತಿ ನನ್ನ ಗೇಟಿನೊಳಗೆ ಬಂದು ನಿಂತಿತು. ಅಂದರೆ ಉತ್ತರಕ್ಕೆ. ಗುರುಸಿದ್ದಯ್ಯನವರು ದಿಕ್ಸೂಚಿ ಹಿಡಿದು ಓಡೋಡಿ ಬಂದರು.

"ಅನಾಹುತ ಆಯ್ತಲ್ಲಮ್ಮ! ಬಾಗಿಲು ಪಶ್ಚಿಮಕ್ಕೆ ಬಂತು!"

ಮಹದೇವಮ್ಮನವರು ವ್ಯಾನಿನ ಬಾಗಿಲಲ್ಲಿ ಕೂತು ಹುರಳಿಕಾಯಿ ಸೋಸುತ್ತಿದ್ದರು. ತಲೆಯೆತ್ತದೆ ಹೇಳಿದರು: "ಬರ್ಲಿ ಬುಡಿ ಸ್ವಾಮಿ. ಆ ಕಡೆಗೇ ಅಲ್ವಾ ಸಮುದ್ರ ಇರೋದು?"

ಅಲ್ಲಿಂದ ಎಂಟು ವರ್ಷ ಆ ವ್ಯಾನು ಹಾಗೇ ನಿಲ್ಲುತ್ತಿತ್ತು. ನಿವೃತ್ತನಾದ ಮೇಲೆ ಶಿವಮಲ್ಲಪ್ಪನ ಪೆನ್ಷನ್ನು ತಿಂಗಳು ತಿಂಗಳು ಸರಿಯಾಗಿ ಬಂತು. ಮೊದಲು ಅದರ ಬೆನ್ನು ನೋಡುತ್ತಿದ್ದ ನಾನು ಆಮೇಲೆ ದಿನಾ ಬೆಳಿಗ್ಗೆ ಅದರ ಮುಖ ನೋಡಿಕೊಂಡು ಕಾಂಪೌಂಡು ಹಾರುತ್ತಿದ್ದೆ.